ಹಳೆಯ ಮೀನಿನ ತೊಟ್ಟಿಯ ಬಿಳಿ ಹಕ್ಕಳೆಗೆ ನಿಂಬೆ ಉಪ್ಪು: ಎರಡು ವರ್ಷಗಳ ಬಳಕೆಯ ನಂತರ

ಧಾರವಾಡ ಕಡೆಯ ಪರಿಚಿತರೊಬ್ಬರು ಪುಣೆಯಿಂದ ಬೆಂಗಳೂರಿಗೆ ಮನೆ ಬದಲಿಸುವಾಗ ತಮ್ಮ ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನು 800 ರೂಪಾಯಿಗೆ ನನಗೆ ಬಿಟ್ಟುಕೊಟ್ಟರು. ಗಾಜಿನಲ್ಲಿ ಬಿರುಕಿರಲಿಲ್ಲ, ಆದರೆ ಮೇಲಂಚಿನಿಂದ ಮೂರು ಬೆರಳು ಕೆಳಗೆ, ನೀರು ನಿಲ್ಲುತ್ತಿದ್ದ ಮಟ್ಟದಲ್ಲಿ, ನಾಲ್ಕೂ ಬದಿಗೆ ಉಗುರಿನಿಂದ ಕೆರೆದರೆ ಉಗುರೇ ಸವೆಯುವಂತಹ ಬಿಳಿ ಹಕ್ಕಳೆ ಕಟ್ಟಿತ್ತು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲೇ. ಸೋಪಿಗೂ ನಾರಿಗೂ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ.

ಅಂಗಡಿಯವರೊಬ್ಬರು ಬಚ್ಚಲು ತೊಳೆಯುವ ಆಸಿಡ್ ಹಾಕಿ ಎಂದರು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆ ಗಂಟಲನ್ನು ಸುಡುತ್ತದೆ, ಎಲ್ಲಿಯಾದರೂ ಬ್ಲೀಚಿನ ಶೇಷವಿದ್ದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹುಟ್ಟುತ್ತದೆ. ಹಾಗಾಗಿ ಅಮ್ಮ ಅಡುಗೆಮನೆಯಲ್ಲಿ ಇಡುತ್ತಿದ್ದ ನಿಂಬೆ ಉಪ್ಪನ್ನೇ, ಅಂದರೆ ಸಿಟ್ರಿಕ್ ಆಮ್ಲದ ಪುಡಿಯನ್ನೇ, ನೆಚ್ಚಿಕೊಂಡೆ. ನಾನಿರುವ ಪುಣೆಯ ಕಿರಾಣಿಯಲ್ಲಿ ಅದನ್ನು ಲಿಂಬೂಸತ್ವ ಎಂದು ಕೇಳಬೇಕು. ಕಾಲು ಕಿಲೋ ಪೊಟ್ಟಣ ಎರಡು ಬಾರಿಯ ಕೆಲಸಕ್ಕೆ ಸಾಲುತ್ತದೆ. ಬಿಳಿ ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದರ ಘಾಟು ಮುಚ್ಚಿದ ಫ್ಲಾಟಿನಲ್ಲಿ ಸಂಜೆಯವರೆಗೂ ಹೋಗುವುದಿಲ್ಲ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಪುಡಿ ಕರಗಿಸಿ, ಖಾಲಿ ತೊಟ್ಟಿಯನ್ನು ಒಂದು ಬದಿಗೆ ಮಲಗಿಸಿ, ಹಕ್ಕಳೆಯ ಮೇಲೆ ನೆನೆಸಿದ ಟಿಶ್ಯೂ ಪೇಪರ್ ಹಾಸಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತೇನೆ. ಮುಟ್ಟಿದ ಕೂಡಲೇ ಕಾಗದದ ಅಡಿಯಿಂದ ಸಣ್ಣ ಗುಳ್ಳೆಗಳೇಳುತ್ತವೆ. ಕಿವಿ ಹತ್ತಿರ ತಂದರೆ ಸೋಡಾ ಬಾಟಲಿಯಂತೆ ಚುರ್ ಎನ್ನುವ ಸದ್ದು. ಅದು ಹೊರಬೀಳುತ್ತಿರುವ ಇಂಗಾಲದ ಡೈಆಕ್ಸೈಡ್. ಅರ್ಧ ಗಂಟೆಗೆ ಕಾಗದ ತೆಗೆದು ಒರೆಸಿದರೆ ಮೇಲಿನ ಪದರ ಕೆಸರಿನಂತೆ ಬಿಟ್ಟುಬರುತ್ತದೆ; ದಪ್ಪವಾಗಿದ್ದ ಮೂಲೆಗಳಿಗೆ ನಾನು ಮೂರು ಸಲ ಹಾಕಬೇಕಾಯಿತು. ಬೇಗ ಮುಗಿಯಲಿ ಎಂದು ಒಮ್ಮೆ ಕುದಿಯುವ ನೀರಿನಲ್ಲಿ ಕರಗಿಸಿದ್ದು ಶುದ್ಧ ತಪ್ಪು: ಹಕ್ಕಳೆಯೂ ನಿಂಬೆ ಉಪ್ಪೂ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಕರಗುವ ಬದಲು ಬಿಳಿ ಪುಡಿಯಾಗಿ ಕೂರುತ್ತದೆ, ಜೊತೆಗೆ ತಣ್ಣಗಿನ ಗಾಜು ಬಿರಿಯುವ ಭಯವೂ ಉಂಟು.

ಅದಕ್ಕಿಂತ ದೊಡ್ಡ ಎಡವಟ್ಟು ಶೇವಿಂಗ್ ಬ್ಲೇಡಿನಿಂದ ಆಯಿತು. ಸಮತಟ್ಟಾದ ಗಾಜಿನ ಮೇಲೆ, ಒದ್ದೆಯಿರುವಾಗ, ಓರೆಯಾಗಿ ಹಿಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೂಲೆಯವರೆಗೂ ಎಳೆಯುವ ಆತುರದಲ್ಲಿ ಸಿಲಿಕೋನಿನ ಅಂಟನ್ನು ಒಂದು ಅಂಗುಲ ಸೀಳಿದ್ದೆ. ತೊಟ್ಟಿಯಲ್ಲಿ ನೀರು ತುಂಬಿ ಹಳೆಯ ದಿನಪತ್ರಿಕೆಯ ಮೇಲಿಟ್ಟು ಮಲಗಿದವನು ಬೆಳಿಗ್ಗೆ ಎದ್ದು ನೋಡಿದರೆ, ಮೂಲೆಯ ಕೆಳಗೆ ಅಂಗೈಯಷ್ಟು ಒದ್ದೆ ಕಲೆ. ಅಕ್ವೇರಿಯಂಗೆ ಬಳಸಬಹುದಾದ ಸಿಲಿಕೋನ್ ತಂದು ಆ ಭಾಗವನ್ನು ಮತ್ತೆ ಅಂಟಿಸಿ, ವಾರವಿಡೀ ಒಣಗಲು ಬಿಟ್ಟೆ. ಅಕ್ರಿಲಿಕ್ ತೊಟ್ಟಿಯಾದರೆ ಬ್ಲೇಡನ್ನು ಹತ್ತಿರವೂ ತರಬೇಡಿ, ಸುಲಭವಾಗಿ ಗೀರು ಬೀಳುತ್ತದೆ.

ತೊಟ್ಟಿಯ ನೀರನ್ನು ಬೆಚ್ಚಗಿಡುವ ಹೀಟರನ್ನು ಪ್ಲಗ್ ಕಿತ್ತು, ತಣಿದ ಮೇಲೆ ಇದೇ ದ್ರಾವಣದಲ್ಲಿ ಒರೆಸಬಹುದು. ಕೊನೆಗೆ ತೊಟ್ಟಿಯನ್ನು ನಾಲ್ಕೈದು ಸಲ ತೊಳೆಯುತ್ತೇನೆ. ಆಮ್ಲದ ಶೇಷ ಉಳಿದರೆ ನೀರಿನ ಕ್ಷಾರೀಯತೆಯನ್ನು ತಗ್ಗಿಸಿ ಪಿಎಚ್ ಕುಸಿಯುವಂತೆ ಮಾಡುತ್ತದೆ. ಮೀನಿರುವ ತೊಟ್ಟಿಯೊಳಗೆ ಈ ದ್ರಾವಣದ ಹನಿಯೂ ಬೀಳಬಾರದು.

ಇಷ್ಟೆಲ್ಲ ಆದ ಮೇಲೂ ಆರು ತಿಂಗಳಲ್ಲಿ ಹಕ್ಕಳೆ ಮತ್ತೆ ಕಾಣಿಸಿಕೊಂಡಾಗ, ನಿಂಬೆ ಉಪ್ಪಿನ ಮೇಲೆ ಸಿಟ್ಟು ಬಂದಿತ್ತು, ತಪ್ಪು ಅದರದ್ದಲ್ಲ. ಪುಣೆ ಪಕ್ಕದ ವಾಕಡ್‌ನಲ್ಲಿರುವ ನಮ್ಮ ಸೊಸೈಟಿಗೆ ಬೇಸಿಗೆಯಲ್ಲಿ ಬರುವುದು ಬೋರ್‌ವೆಲ್‌ ನೀರಿನ ಟ್ಯಾಂಕರ್. ಪವನಾ ಅಣೆಕಟ್ಟಿನ ನಲ್ಲಿ ನೀರಿಗಿಂತ ಅದು ಬಹಳ ಗಡಸು. ಆವಿಯಾಗುವುದು ನೀರು ಮಾತ್ರ, ಖನಿಜಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಆರಿದಷ್ಟನ್ನು ಮತ್ತೆ ಟ್ಯಾಂಕರ್ ನೀರಿನಿಂದಲೇ ತುಂಬಿದರೆ ವಾರವಾರವೂ ಸುಣ್ಣ ಸೇರಿಸಿದಂತೆ. ಈಗ ಆರಿದ ನೀರಿನ ಬದಲಿಗೆ ಆರ್‌ಒ ನೀರನ್ನು ಮಾತ್ರ ಹಾಕುತ್ತೇನೆ, ವಾರದ ನೀರು ಬದಲಾವಣೆಗೆ ಮಾತ್ರ ನಲ್ಲಿ ನೀರು. ಕಳೆದ ಬಾರಿ ತಂದ ಪೊಟ್ಟಣದಲ್ಲಿ ಮುಕ್ಕಾಲು ಭಾಗ ಹಾಗೆಯೇ ಉಳಿದಿದೆ. ಹಿಂಬದಿಯ ಗಾಜಿನಲ್ಲಿ ಮಾತ್ರ ಮಸುಕಾದ ಒಂದು ಪಟ್ಟಿ ಇದೆ. ಅಲ್ಲಿ ಗಾಜೇ ಸವೆದಿರುವುದರಿಂದ ಯಾವ ಹುಳಿಗೂ ಅದು ಹೋಗಲಿಲ್ಲ. ಅದರ ಮುಂದೆ ಕಪ್ಪು ಕಲ್ಲೊಂದನ್ನು ನಿಲ್ಲಿಸಿದ್ದೇನೆ.