ತಿಂಗಳಿಗೊಮ್ಮೆಯೋ, ಮೂರು ತಿಂಗಳಿಗೊಮ್ಮೆಯೋ: ಒಂದು ಅಡಿಕೆ ಮನೆಯ ಬಡ್ಡಿ ಲೆಕ್ಕ

ನಿವೃತ್ತಿಯಾದಾಗ ಬಂದ ಗಂಟನ್ನು ಎಲ್ಲಿಟ್ಟರೆ ಬಡ್ಡಿ ದಿನ ತಪ್ಪದೆ ಕೈಗೆ ಬರುತ್ತದೆ ಅಂತ ಕೇಳಿದರೆ, ನನ್ನ ಓಟು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಅದನ್ನೂ ಅಂಚೆ ಕಚೇರಿಯಲ್ಲಿ ಅಲ್ಲ, ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೇ ಮಾಡಿಸಿ. ಆತುರದಲ್ಲಿ ಇರುವವರು ಇಷ್ಟು ಓದಿದರೆ ಸಾಕು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಊರು. ಸಣ್ಣ ಅಡಿಕೆ ತೋಟ ಇದೆ. ನಾನು ಖಾಸಗಿ ಕೆಲಸದಲ್ಲಿ ಇದ್ದವನು, ಪೆನ್ಶನ್ ಅಂತ ಬರುವುದು ಕಾಫಿಪುಡಿಗೆ ಸಾಲದು. ನಿವೃತ್ತಿಯಾದಾಗ ಪಿಎಫ್, ಗ್ರಾಚ್ಯುಟಿ ಅಂತ ಒಂದು ಗಂಟು ಬಂತು. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಮಂಡಿಯಿಂದ ಬರುವುದು, ಕೊಳೆರೋಗ ಜಾಸ್ತಿಯಾದ ವರ್ಷ ಅದೂ ಅರ್ಧ, ಈಗ ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ. ಹಾಗಾಗಿ ಈ ಗಂಟಿನಿಂದ ಬರುವ ಬಡ್ಡಿ ನೂರಿನ್ನೂರು ಕಮ್ಮಿಯಾದರೂ ಪರವಾಗಿಲ್ಲ, ದಿನ ಮಾತ್ರ ತಪ್ಪಬಾರದು ಅನ್ನುವುದು ನನ್ನ ಲೆಕ್ಕ.

ಮೊದಲು ಅಂಚೆಯ ಮಾಸಿಕ ಆದಾಯ ಯೋಜನೆ. ಇದು ನಮ್ಮನೆಯವಳ ಹೆಸರಿನಲ್ಲಿದೆ. ಅವಳ ತವರಿನ ಪಾಲಿನ ದುಡ್ಡು, ಅವಳ ಹೆಸರಿನಲ್ಲೇ ಇರಬೇಕು ಅನ್ನುವುದು ಇಬ್ಬರದೂ ಇಷ್ಟ. ಅವಳಿಗೆ ಇನ್ನೂ ಅರವತ್ತು ಆಗಿಲ್ಲ, ಹಿರಿಯರ ಯೋಜನೆ ಸಿಗುವುದಿಲ್ಲ. ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾದರೆ 15 ಲಕ್ಷದವರೆಗೆ ಇಡಬಹುದು. 9 ಲಕ್ಷ ಇಟ್ಟೆವು. 7.4% ಬಡ್ಡಿಯಲ್ಲಿ ತಿಂಗಳಿಗೆ 5,550 ರೂಪಾಯಿ. ಯೋಜನೆಯಲ್ಲಿ ಏನೂ ತೊಂದರೆ ಇಲ್ಲ. ಬಡ್ಡಿ ಒಂದು ತಿಂಗಳೂ ತಪ್ಪಿಲ್ಲ.

ತೊಂದರೆ ಇರುವುದು ಬಂದ ದುಡ್ಡನ್ನು ಕೈಗೆ ತೆಗೆದುಕೊಳ್ಳುವುದರಲ್ಲಿ. ಅದು ಬೀಳುವುದು ಅಂಚೆಯ ಉಳಿತಾಯ ಖಾತೆಗೆ. ನಮ್ಮ ಫೋನ್‌ಪೇ, ಕರೆಂಟ್ ಬಿಲ್ಲು, ಗ್ಯಾಸು, ಎಲ್ಲ ನಡೆಯುವುದು ಬ್ಯಾಂಕ್ ಖಾತೆಯಿಂದ. ನೇರ ಬ್ಯಾಂಕಿಗೇ ಹೋಗುವ ಹಾಗೆ ಮಾಡಲು ಒಂದು ಫಾರಂ ಇದೆ, ತುಂಬಿ ಕೊಟ್ಟೆವು. ವಾಪಸ್ ಬಂತು. ಹೆಸರು ಹೊಂದುತ್ತಿಲ್ಲವಂತೆ! ಬ್ಯಾಂಕಿನಲ್ಲಿ ಅವಳ ಖಾತೆ ಮದುವೆಗೆ ಮುಂಚಿನದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೆ ಅಪ್ಪನ ಇನಿಷಿಯಲ್ ಹೆಸರಿನ ಮುಂದೆ. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ಹೆಸರಿನ ಹಿಂದೆ ನನ್ನ ಹೆಸರು. ಅಂಚೆಯವರು ಬರೆದುಕೊಂಡಿದ್ದು ಆಧಾರ್ ನೋಡಿ. ಮೂರು ಕಡೆಯೂ ಅದೇ ಮನುಷ್ಯಳು, ಅದೇ ಫೋಟೋ. ಆದರೆ ಕಂಪ್ಯೂಟರಿಗೆ ಅದನ್ನು ಹೇಳುವವರು ಯಾರು?

ಹೆಸರು ಸರಿಯಾಗುವವರೆಗೆ ದುಡ್ಡು ಬೇಕಾದಾಗೆಲ್ಲ ಪೇಟೆಗೆ ಹೋಗಬೇಕಾಯಿತು. ಬೇಸಿಗೆಯಲ್ಲಿ ಸರಿ, ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ. ಕರೆಂಟ್ ಹೋದರೆ ನೆಟ್ ಹೋಯಿತು, ನೆಟ್ ಹೋದರೆ ಕೌಂಟರಿನ ಗಾಜಿಗೆ ‘ಲಿಂಕ್ ಇಲ್ಲ’ ಅಂತ ಕೈಯಲ್ಲಿ ಬರೆದ ಹಾಳೆ ಅಂಟಿಸುತ್ತಾರೆ. ಒಳಗೆ ಕೂತ ಹುಡುಗಿ ಪಾಪ ಒಳ್ಳೆಯವಳು, ‘ಮಧ್ಯಾಹ್ನ ಬನ್ನಿ ಅಂಕಲ್’ ಅನ್ನುತ್ತಾಳೆ. ಮಧ್ಯಾಹ್ನದವರೆಗೆ ಒದ್ದೆ ಕೊಡೆ ಹಿಡಿದುಕೊಂಡು ಎಲ್ಲಿ ಕೂರುವುದು? ಇನ್ನು ಪಾಸ್‌ಬುಕ್ಕು. ಪ್ರಿಂಟರ್ ಹಿಂದಿನ ತಿಂಗಳ ಸಾಲಿನ ಮೇಲೇ ಈ ತಿಂಗಳ ಸಾಲನ್ನೂ ಹೊಡೆದಿತ್ತು. 5,550ರ ಮೇಲೆ ಇನ್ನೊಂದು 5,550, ತಾರೀಕು ಓದಲು ಭೂತಗನ್ನಡಿ ಬೇಕು.

ಇಟ್ಟ ದುಡ್ಡನ್ನೇ ತೆಗೆದುಬಿಡೋಣ ಅಂದರೆ ಅದಕ್ಕೂ ಕತ್ತರಿ ಇದೆ. ಮೊದಲ ವರ್ಷ ಮುಟ್ಟುವ ಹಾಗಿಲ್ಲ. ಮೂರು ವರ್ಷದ ಒಳಗೆ ತೆಗೆದರೆ ಅಸಲಿನಲ್ಲಿ 2% ಹಿಡಿಯುತ್ತಾರೆ, ನಮ್ಮ ಲೆಕ್ಕಕ್ಕೆ 18,000. ಆಮೇಲೆ ತೆಗೆದರೆ 1%. ಕೊನೆಗೆ ಬ್ಯಾಂಕಿನಲ್ಲಿ ಕೆವೈಸಿ ಮತ್ತೆ ಕೊಟ್ಟು, ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆ ಮಾಡಿಸಿ, ಫಾರಂ ಇನ್ನೊಮ್ಮೆ ಕೊಟ್ಟ ಮೇಲೆ ದಾರಿಗೆ ಬಂತು. ಖಾತೆ ತೆರೆಯುವ ಮೊದಲು ಮನೆಯಲ್ಲಿ ಎಲ್ಲರ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಒಟ್ಟಿಗೆ ಹರಡಿಕೊಂಡು ಹೆಸರು ನೋಡಿ. ಬಡ್ಡಿ ದರ ನೋಡುವುದು ಆಮೇಲೆ.

ಈಗ ನನ್ನದಕ್ಕೆ ಬರೋಣ. ಹಿರಿಯರ ಯೋಜನೆಯಲ್ಲಿ 15 ಲಕ್ಷ ಇಟ್ಟಿದ್ದೇನೆ, ಮಿತಿ 30 ಲಕ್ಷ. 8.2% ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ. ಇಟ್ಟ ದಿನದ ದರವೇ ಐದು ವರ್ಷವೂ. ಇದೂ ಸರ್ಕಾರದ್ದೇ ಯೋಜನೆ, ಅಂಚೆಯಲ್ಲೂ ಬ್ಯಾಂಕಿನಲ್ಲೂ ಬಡ್ಡಿ ಒಂದೇ. ನಾನು ಬ್ಯಾಂಕಿನಲ್ಲಿ ಮಾಡಿಸಿದ್ದರಿಂದ ದುಡ್ಡು ನೇರ ಖಾತೆಗೆ ಬಂದು ಫೋನಿಗೆ ಮೆಸೇಜ್ ಬರುತ್ತದೆ. ಕೊಡೆ ಬೇಡ, ಬಸ್ಸು ಬೇಡ.

ಮೂರು ತಿಂಗಳಿಗೊಮ್ಮೆ ಬಂದರೆ ಮನೆ ಹೇಗೆ ನಡೆಯುತ್ತದೆ ಅಂತ ಕೇಳುವವರು ಇದ್ದಾರೆ. ಸಂಬಳದ ಮನೆಗೆ ಆ ಪ್ರಶ್ನೆ ಸರಿ. ತೋಟದ ಮನೆಯ ಖರ್ಚು ತಿಂಗಳ ಲೆಕ್ಕದಲ್ಲಿ ಬರುವುದೇ ಇಲ್ಲ. ಬಡ್ಡಿ ಬೀಳುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕು. ಜುಲೈನಲ್ಲಿ ಎರಡನೇ ಸಲ ಕೊಳೆ ಔಷಧಿ ಹೊಡೆಸಬೇಕು: ಮೈಲುತುತ್ತ, ಸುಣ್ಣ, ಮರ ಹತ್ತುವವನ ಕೂಲಿ. ಅಕ್ಟೋಬರ್ ಅಂದರೆ ನವರಾತ್ರಿ, ಭೂಮಿ ಹುಣ್ಣಿಮೆ, ಅದರ ಬೆನ್ನಿಗೇ ಕೊನೆ (ಅಡಿಕೆ ಗೊನೆ) ಕೊಯ್ಲು ಶುರು. ಜನವರಿಯಲ್ಲಿ ಸುಲಿಯುವವರಿಗೆ ಕೊಡುವುದು. 5,550 ತಿಂಗಳು ತಿಂಗಳು ಬಂದರೆ ಅದು ದಿನಸಿ ಅಂಗಡಿಯಲ್ಲೇ ಕರಗುತ್ತದೆ, 30,750 ಒಟ್ಟಿಗೆ ಬಂದರೆ ಗೊನೆ ಕೊಯ್ಯುವ ಕೊನೆಗಾರನನ್ನು ಕರೆಯುವ ಧೈರ್ಯ ಬರುತ್ತದೆ.

ಒಂದು ವಿಷಯ ನೋಡಿಕೊಳ್ಳಿ. ಅರವತ್ತು ಆದವರಿಗೆ ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 50,000 ಇತ್ತು. ತೆರಿಗೆ ಬೀಳದವರು ವರ್ಷದ ಶುರುವಿನಲ್ಲೇ ‘ಹಿಡಿಯಬೇಡಿ’ ಅನ್ನುವ ಫಾರಂ ಕೊಟ್ಟುಬಿಡಿ.

ಬ್ಯಾಂಕ್ ಎಫ್‌ಡಿ: ತಿಂಗಳಿಗೊಮ್ಮೆ ಬಡ್ಡಿ ಕೇಳಿದರೆ ಬೋರ್ಡಿನಲ್ಲಿ ಬರೆದ ದರಕ್ಕಿಂತ ಚೂರು ಕಮ್ಮಿ ಕೊಡುತ್ತಾರೆ. ಆಸ್ಪತ್ರೆ ಖರ್ಚಿಗೆ ಅಂತ ಸ್ವಲ್ಪ ಇಟ್ಟಿದ್ದೇನೆ, ಅಷ್ಟೇ.

ಸೌಹಾರ್ದ ಸಹಕಾರಿ: ನಮ್ಮ ಕಡೆ ಪ್ರತಿ ಪೇಟೆಯಲ್ಲೂ ಇವೆ. ಬಡ್ಡಿ ಎಲ್ಲರಿಗಿಂತ ಜಾಸ್ತಿ, ಪಿಗ್ಮಿಯವನು ಮನೆಗೇ ಬರುತ್ತಾನೆ, ಒಳಗಿದ್ದವರೆಲ್ಲ ಪರಿಚಯದವರು. ಆದರೆ ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಇವಕ್ಕೆ ಇಲ್ಲ. ಸಹಕಾರಿ ಬ್ಯಾಂಕ್ ಬೇರೆ, ಇಂಥ ಸಹಕಾರಿ ಸಂಘ ಬೇರೆ. ಪರಿಚಯದವರು ಅನ್ನುವುದಕ್ಕೆ ಒಂದಿಷ್ಟು ಇಡಬಹುದು, ಗಂಟೆಲ್ಲ ಇಡಬಾರದು.

ಮ್ಯೂಚುವಲ್ ಫಂಡಿನಿಂದ ತಿಂಗಳು ತಿಂಗಳು ತೆಗೆಯುವುದನ್ನು ಬೆಂಗಳೂರಿನ ಅಳಿಯ ಮಾಡಿಕೊಟ್ಟಿದ್ದ. ಅದರಲ್ಲಿ ಬರುವುದು ಬಡ್ಡಿಯಲ್ಲ, ನಮ್ಮದೇ ಯೂನಿಟ್ ಮಾರಿದ ದುಡ್ಡು. 2024ರ ಸೆಪ್ಟೆಂಬರ್ ಕೊನೆಯಿಂದ ತಿಂಗಳುಗಟ್ಟಲೆ ಷೇರು ಪೇಟೆ ಇಳಿಯಿತಲ್ಲ, ಆಗ ಅಷ್ಟೇ ದುಡ್ಡಿಗೆ ಜಾಸ್ತಿ ಯೂನಿಟ್ ಹೋಗುತ್ತಿತ್ತು. ಅಡಿಕೆ ದರ ನೋಡಿ ನಿದ್ದೆ ಕೆಡುವುದೇ ಸಾಕು ಅಂತ ನಿಲ್ಲಿಸಿದೆ. ವಯಸ್ಸಿರುವವರಿಗೆ ಸರಿಹೋಗಬಹುದು.

ನಮ್ಮನೆಯವಳ ಮಾಸಿಕ ಯೋಜನೆಯ ಐದು ವರ್ಷ ಮುಗಿಯುವ ಹೊತ್ತಿಗೆ ಅವಳಿಗೂ ಅರವತ್ತು ಆಗಿರುತ್ತದೆ. ಆವತ್ತಿನ ದರ ಎಷ್ಟೇ ಇರಲಿ, ಆ 9 ಲಕ್ಷ ಅವಳ ಹೆಸರಿನಲ್ಲೇ ಹಿರಿಯರ ಯೋಜನೆಗೆ ಹೋಗುತ್ತದೆ, ಅದೇ ಬ್ಯಾಂಕಿನಲ್ಲಿ.