ಮೂರೂವರೆ ವರ್ಷದಿಂದ ಕೇಳುತ್ತಿರುವ ಯೋಗನಿದ್ರೆ ಆಡಿಯೊ: ಸೆಕೆಂಡ್ ಶಿಫ್ಟ್‌ನವನ ಅನುಭವ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಮೇಲೆ ನನ್ನ ಕೆಲಸ. ಸೆಕೆಂಡ್ ಶಿಫ್ಟ್ ಇದ್ದರೆ ರಾತ್ರಿ 10ಕ್ಕೆ ಬಿಡುತ್ತಾರೆ. ಲಗ್ಗೆರೆಯ ಮನೆಗೆ ಬಂದು, ಸ್ನಾನ ಮಾಡಿ, ಊಟ ಮುಗಿಸುವಷ್ಟರಲ್ಲಿ 11.30. ಮೈ ಸೋತಿರುತ್ತದೆ. ಆದರೆ ಕಣ್ಣು ಮುಚ್ಚಿದರೆ ಮಷಿನ್ ಸದ್ದು ಕಿವಿಯಲ್ಲೇ ಇರುತ್ತದೆ. ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದೆ, ಅದು ನನಗೇ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ದವಡೆ ನೋಯುತ್ತಿತ್ತು. ನಿದ್ದೆ ಹತ್ತುವಾಗ ಒಂದೂವರೆ, ಎರಡು ಗಂಟೆ.

ಮೊದಲು ದುಡ್ಡು ಕೊಟ್ಟು ಒಂದು ಆ್ಯಪ್ ತೆಗೆದುಕೊಂಡೆ. ಒಂದು ವರ್ಷದ ಚಂದಾ. ಮಳೆ ಸದ್ದು, ಸಮುದ್ರದ ಸದ್ದು, ಕಥೆ, ಎಲ್ಲ ಇತ್ತು. ಹೇಳುವುದು ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ನನಗೆ ಅರ್ಥ ಆಗುತ್ತದೆ. ಆದರೆ ನಿದ್ದೆಗಣ್ಣಲ್ಲಿ 'ಆಂಕಲ್' ಅಂದರೆ ಹಿಮ್ಮಡಿಯೋ ಕಾಲಗಿಣ್ಣೋ ಅಂತ ತಲೆ ಓಡಲು ಶುರು. ತಲೆ ಓಡಿದರೆ ನಿದ್ದೆ ಎಲ್ಲಿ ಬರುತ್ತೆ? ವರ್ಷ ಮುಗಿದಾಗ ಕೇಳದೇ ಮತ್ತೊಂದು ವರ್ಷದ ದುಡ್ಡು ಕತ್ತರಿಸಿಕೊಂಡರು. ಅವತ್ತೇ ತೆಗೆದುಹಾಕಿದೆ.

ಆಮೇಲೆ ಸಿಕ್ಕಿದ್ದು ಈ ಯೋಗನಿದ್ರೆ ಆಡಿಯೊ. ಯೋಗನಿದ್ರೆ ಅಂದರೆ ಮಲಗಿಕೊಂಡೇ, ಹೇಳುವ ಧ್ವನಿ ಕೇಳುತ್ತಾ ಮೈಯ ಒಂದೊಂದು ಭಾಗಕ್ಕೆ ಗಮನ ಕೊಡುವುದು. ನಮ್ಮ ಬಡಾವಣೆಯಲ್ಲಿ ಬೆಳಗಿನ ಹೊತ್ತು ಯೋಗ ಹೇಳಿಕೊಡುವ ಮೇಷ್ಟ್ರು ತಮ್ಮ ಮನೆಯಲ್ಲೇ ಮೊಬೈಲಿನಲ್ಲಿ ಮಾತಾಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು. 24 ನಿಮಿಷ, ಪೂರ್ತಿ ಕನ್ನಡ. ಸಂಗೀತ ಇಲ್ಲ, ಏನೂ ಇಲ್ಲ. ಮೂರೂವರೆ ವರ್ಷ ಆಯಿತು. ವಾರಕ್ಕೆ ಐದಾರು ರಾತ್ರಿ ಇದನ್ನೇ ಹಾಕಿಕೊಳ್ಳುತ್ತೇನೆ.

ಒಳಗೆ ಏನಿದೆ ಅಂತ ಹೇಳುತ್ತೇನೆ. ಅಂಗಾತ ಮಲಗಿ, ಕೈ ಮೈಯಿಂದ ಸ್ವಲ್ಪ ದೂರ, ಅಂಗೈ ಮೇಲಕ್ಕೆ. ಒಂದು ಸಣ್ಣ ಸಂಕಲ್ಪ. ಆಮೇಲೆ ಬಲಗೈ ಹೆಬ್ಬೆರಳಿಂದ ಶುರು: ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು, ಕಿರುಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಭುಜ, ಕಂಕುಳು, ಸೊಂಟ, ತೊಡೆ, ಹೀಗೆ ಕಾಲ್ಬೆರಳವರೆಗೆ. ಆ ಜಾಗ ಅಲ್ಲಾಡಿಸಬಾರದು, ಸುಮ್ನೆ ಗಮನ ಕೊಟ್ಟು ಮುಂದಕ್ಕೆ ಹೋಗಬೇಕು. ಬಲಗಡೆ ಮುಗಿದ ಮೇಲೆ ಎಡಗಡೆ, ಬೆನ್ನು, ಮುಖ. ಆಮೇಲೆ ಉಸಿರು ಎಣಿಸುವುದು. ಕೊನೆಗೆ ಮೈ ಭಾರ ಆದ ಹಾಗೆ, ಹಗುರ ಆದ ಹಾಗೆ, ಚಳಿ, ಶೆಕೆ.

ಈ ಕ್ರಮವನ್ನು ಈಗಿನ ರೂಪಕ್ಕೆ ತಂದವರು ಬಿಹಾರದ ಮುಂಗೇರ್‌ನಲ್ಲಿ ಯೋಗಶಾಲೆ ಕಟ್ಟಿದ ಸ್ವಾಮಿ ಸತ್ಯಾನಂದ ಸರಸ್ವತಿ. ಅದರ ಬೇರು ನ್ಯಾಸದಲ್ಲಿ, ಅಂದರೆ ಮಂತ್ರ ಹೇಳುತ್ತಾ ಮೈಯ ಒಂದೊಂದು ಭಾಗ ಮುಟ್ಟಿಕೊಳ್ಳುವುದರಲ್ಲಿ ಇದೆ ಅಂತ ಮೇಷ್ಟ್ರು ಹೇಳಿದರು. ಪೂಜೆ, ಜಪಕ್ಕೆ ಮುಂಚೆ ಕರನ್ಯಾಸ ಮಾಡುವುದನ್ನು ನೋಡಿರುತ್ತೀರಿ, ಅದೂ ಹೆಬ್ಬೆರಳಿಂದಲೇ ಶುರು ಅಲ್ವಾ. ಕೈಯಿಂದಲೇ ಯಾಕೆ ಅನ್ನುವುದಕ್ಕೆ ನನಗೆ ಹಿಡಿಸಿದ ವಿವರಣೆ ಬೇರೆ. ಮಿದುಳಿನಲ್ಲಿ ಮೈಯ ನಕ್ಷೆಯೇ ಇದೆ. ಕೆನಡಾದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅದನ್ನು ಗುರುತು ಹಾಕಿ ತೋರಿಸಿದರು. ಅದರಲ್ಲಿ ಇಡೀ ಬೆನ್ನಿಗಿಂತ ಬೆರಳುಗಳಿಗೇ ಜಾಸ್ತಿ ಜಾಗ. ದಿನವಿಡೀ ಮೈಕ್ರೋಮೀಟರ್ ಹಿಡಿದು ಅಳೆಯುವ ನನ್ನ ಬೆರಳಿಗೆ ಮೊದಲು ಬಿಡುವು ಕೊಟ್ಟರೆ ಮಿಕ್ಕ ಮೈ ಹಿಂದೆಯೇ ಬರುತ್ತದೆ. ಇದು ನನ್ನ ಅನುಭವದ ಮಾತು.

ಮೊದಲ ಎರಡು ವಾರ ಏನೂ ಆಗಲಿಲ್ಲ. 24 ನಿಮಿಷ ಪೂರ್ತಿ ಕೇಳಿ, ಕಣ್ಣು ಬಿಟ್ಟುಕೊಂಡೇ ಇದ್ದೆ. ಮೇಷ್ಟ್ರಿಗೆ ಹೇಳಿದೆ. "ನಿದ್ದೆ ಬರಲಿ ಅಂತ ಕೇಳ್ತಿದೀಯಾ?" ಅಂದರು. "ಹೌದು ಸಾರ್, ಮತ್ಯಾಕೆ ಕೇಳೋದು?" ಅಂದೆ. "ಶುರುವಲ್ಲೇ ಏನು ಹೇಳಿದೀನಿ ನೋಡು, 'ನಿದ್ದೆ ಮಾಡಬೇಡಿ, ಎಚ್ಚರವಾಗಿರಿ' ಅಂತ. ಅದನ್ನ ನಿಜವಾಗ್ಲೂ ಮಾಡು" ಅಂದರು.

ಅವತ್ತು ರಾತ್ರಿ ಹಾಗೇ ಮಾಡಿದೆ. ನಿದ್ದೆ ಬೇಡ, ಹೇಳಿದ ಜಾಗಕ್ಕೆ ಗಮನ ಕೊಟ್ಟರೆ ಸಾಕು ಅಂತ. ಎಡಗೈ ಮೊಣಕೈ ಬಂದದ್ದು ನೆನಪಿದೆ, ಆಮೇಲೆ ಬೆಳಗಾಯಿತು. ಇದೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ನಿದ್ದೆಯನ್ನು ಹಿಡಿಯಲು ಹೋದರೆ ಮೈ ಬಿಗಿಯುತ್ತದೆ. ಗಡಿಯಾರ ನೋಡಿ 'ಇನ್ನು ಐದೇ ಗಂಟೆ' ಅಂತ ಲೆಕ್ಕ ಹಾಕಿದರೆ ಇನ್ನೂ ಬಿಗಿಯುತ್ತದೆ. ಎಚ್ಚರವಾಗಿರು ಅಂದಾಗ ಆ ಲೆಕ್ಕವೇ ಬಿದ್ದುಹೋಗುತ್ತದೆ.

ತೊಂದರೆಗಳೂ ಇವೆ. ದೊಡ್ಡದು ಕೊನೆಯ ಎರಡು ನಿಮಿಷ. "ಈಗ ಕೈಕಾಲು ಆಡಿಸಿ, ನಿಧಾನವಾಗಿ ಎದ್ದು ಕೂತುಕೊಳ್ಳಿ" ಅಂತ ಧ್ವನಿ ಏರುತ್ತದೆ. ಯೋಗದ ಕ್ಲಾಸಿಗೆ ಅದು ಸರಿ. ರಾತ್ರಿ ಆಗತಾನೆ ನಿದ್ದೆ ಹತ್ತಿದವನಿಗೆ ಎಬ್ಬಿಸಿ ಕೂರಿಸಿದ ಹಾಗೆ. ನಾಲ್ಕೈದು ಸಲ ಹೀಗಾದ ಮೇಲೆ ಮಗಳು ಕೊನೆಯ ಎರಡು ನಿಮಿಷ ಕತ್ತರಿಸಿ ಕೊಟ್ಟಳು. ನೀವು ಯಾವ ಯೋಗನಿದ್ರೆ ಇಳಿಸಿಕೊಂಡರೂ ಮೊದಲು ಹಗಲಲ್ಲಿ ಕೊನೆಯವರೆಗೂ ಕೇಳಿ ನೋಡಿ. ವಿಡಿಯೊ ಹಾಕಿಕೊಂಡು ಮಲಗಬೇಡಿ, ಮಧ್ಯದಲ್ಲಿ ಜಾಹೀರಾತು ಕಿರುಚುತ್ತದೆ. ಇಯರ್‌ಫೋನ್ ಪಕ್ಕಕ್ಕೆ ಹೊರಳಿದರೆ ಚುಚ್ಚುತ್ತದೆ. ನಾನು ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ತಲೆ ಹತ್ತಿರದ ಸ್ಟೂಲ್ ಮೇಲೆ ಮಗುಚಿ ಇಡುತ್ತೇನೆ.

ಥರ್ಡ್ ಶಿಫ್ಟ್ ವಾರದಲ್ಲಿ ಇದರ ಉಪಯೋಗ ಅರ್ಧಕ್ಕರ್ಧ. ಬೆಳಿಗ್ಗೆ 7ಕ್ಕೆ ಮಲಗಿದರೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದರೂ ಬೆಳಕು ನುಗ್ಗುತ್ತದೆ, ತರಕಾರಿ ಗಾಡಿ ಮೈಕ್ ಹಾಕಿಕೊಂಡು ಬರುತ್ತದೆ. ಆಗ 24 ನಿಮಿಷದ ತಾಳ್ಮೆಯೂ ಇರುವುದಿಲ್ಲ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಕಲಿಸುವ ಐಆರ್‌ಟಿ (ಇನ್‌ಸ್ಟಂಟ್ ರಿಲ್ಯಾಕ್ಸೇಶನ್ ಟೆಕ್ನಿಕ್) ಅನ್ನುವ ಚಿಕ್ಕ ಕ್ರಮ ಆ ಹೊತ್ತಿಗೆ ಒಳ್ಳೆಯದು. ಕಾಲ್ಬೆರಳಿಂದ ಬಿಗಿ ಮಾಡುತ್ತಾ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಮುಖದವರೆಗೆ ಬಂದು, ಒಮ್ಮೆಗೇ ಎಲ್ಲ ಬಿಟ್ಟುಬಿಡುವುದು. ಒಂದೆರಡು ನಿಮಿಷದ ಕೆಲಸ. ಮುಖ ಬಿಗಿದು ಬಿಟ್ಟಾಗಲೇ ನನ್ನ ದವಡೆ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂತ ಮೊದಲ ಸಲ ಗೊತ್ತಾಗಿದ್ದು.

ಈಗ ಸೆಕೆಂಡ್ ಶಿಫ್ಟ್‌ನಲ್ಲಿ ಸಾಮಾನ್ಯವಾಗಿ 12.15ರೊಳಗೆ ನಿದ್ದೆ. ದವಡೆ ನೋವು ಹೋಗಿದೆ. ಸಂಜೆ 5ರ ಟೀ ಆದ ಮೇಲೆ ಮತ್ತೆ ಕುಡಿಯುವುದಿಲ್ಲ, ಅದರ ಪಾಲೂ ಇದೆ. ಹೋದ ವರ್ಷ ಕೆಲಸ ಉಳಿಯುತ್ತೋ ಇಲ್ಲವೋ ಅನ್ನುವ ಎರಡು ತಿಂಗಳು ಮಾತ್ರ ಇದು ಅಷ್ಟಾಗಿ ಹಿಡಿಯಲಿಲ್ಲ. ಆದರೂ ರಾತ್ರಿ 3ಕ್ಕೆ ಎಚ್ಚರ ಆದಾಗ ಹಿಡಿದುಕೊಳ್ಳಲು ಒಂದು ಹೆಬ್ಬೆರಳಾದರೂ ಇತ್ತು. ಇನ್ನೊಂದು ಮಾತು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುವುದು, ಹಗಲೆಲ್ಲ ತೂಕಡಿಕೆ ಇದ್ದವರು ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಆಡಿಯೊ ಸಾಲದು.

ಮೇಷ್ಟ್ರು ಈ ವರ್ಷ ಒಳ್ಳೆಯ ಮೈಕ್ ತಂದು ಹೊಸದಾಗಿ ಮಾಡಿದ್ದಾರೆ. ಧ್ವನಿ ತುಂಬಾ ಸ್ಪಷ್ಟವಾಗಿದೆ, ಅದನ್ನು ತಂಗಿಗೆ ಕಳಿಸಿದೆ. ಹಳೆಯದರಲ್ಲಿ 'ಬಲ ಹಿಮ್ಮಡಿ' ಅನ್ನುವಾಗ ಅವರ ಅಡುಗೆಮನೆಯ ಕುಕ್ಕರ್ ಒಂದು ಸಲ ಕೂಗುತ್ತದೆ. ಆ ಸದ್ದು ಬಂತು ಅಂದರೆ ನನ್ನ ಭುಜ ತಾನಾಗಿ ಸಡಿಲ ಆಗುತ್ತದೆ. ನಾನು ಹಳೆಯದನ್ನೇ ಹಾಕಿಕೊಳ್ಳುತ್ತೇನೆ.