ದೊಡ್ಡ ಸಾಹೇಬರ ವಾಸ್ತವ್ಯ: ಮಂಗಳೂರೋ, ಉಡುಪಿಯೋ?

ಬ್ಯಾಂಕಿನ ಹೆಡ್ ಆಫೀಸಿನಿಂದ ಜನರಲ್ ಮ್ಯಾನೇಜರ್ ಕರಾವಳಿಗೆ ಎರಡು ದಿನದ ಭೇಟಿಗೆ ಬರ್ತಾರೆ ಅಂದ್ರೆ ಮೊದಲ ಪ್ರಶ್ನೆ ಇದೇ, ಅಲ್ವಾ?

ಅವರು ವಿಮಾನದಲ್ಲಿ ಬಂದು ಮರುದಿನವೇ ಹೊರಡುವುದಾದರೆ ಮಂಗಳೂರೇ ಸರಿ. ಬಜ್ಪೆ ನಿಲ್ದಾಣ ಹತ್ತಿರ. ದೊಡ್ಡ ಗ್ರಾಹಕರ ಸಭೆಗೆ ಹೋಟೆಲ್ ಹಾಲ್‌ಗಳೂ ಜಾಸ್ತಿ. ಮೀನೂಟ ಇಷ್ಟವಾದರೆ ಕೇಳುವುದೇ ಬೇಡ.

ಉಡುಪಿಗೆ ಅಲ್ಲಿಂದ ಗಂಟೆಗೂ ಮೀರಿದ ದಾರಿ. ಆದರೆ ಬ್ಯಾಂಕಿನವರಿಗೆ ಅದು ತವರುಮನೆ ಇದ್ದ ಹಾಗೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಅಲ್ಲೇ. ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಶಾಲು, ಹಾರಕ್ಕಿಂತ ಅದು ನೆನಪಿನಲ್ಲಿ ಉಳಿಯುತ್ತದೆ. (ಮಂಗಳೂರೇನು ಕಡಿಮೆಯಲ್ಲ. ಕೆನರಾ, ಕರ್ಣಾಟಕ, ವಿಜಯಾ ಮೂರೂ ಬ್ಯಾಂಕುಗಳು ಹುಟ್ಟಿದ್ದು ಅಲ್ಲೇ.)

ನನ್ನ ಆಯ್ಕೆ: ರಾತ್ರಿ ಮಂಗಳೂರು, ಎರಡನೇ ದಿನ ಬೆಳಿಗ್ಗೆ ಉಡುಪಿ. ಮಠದಲ್ಲಿ ದರ್ಶನ, ಊಟ, ಮಧ್ಯಾಹ್ನ ಶಾಖೆ. ವಾಪಸ್ ವಿಮಾನ ಸಂಜೆ ತಡವಾಗಿದ್ದರೆ ಮಾತ್ರ ಇದು ನಡೆಯುತ್ತದೆ.

ಎಲ್ಲಿಯೇ ಆಗಲಿ, ಸಕ್ಕರೆ ಕಾಯಿಲೆ, ಸಸ್ಯಾಹಾರದ ವಿಚಾರ ಅವರ ಪಿಎ ಹತ್ತಿರ ಮೊದಲೇ ಕೇಳಿಕೊಳ್ಳಿ. ದುಬಾರಿ ಉಡುಗೊರೆ ಬೇಡ. ಸುಮ್ನೆ ಅವರಿಗೂ ಮುಜುಗರ, ನಿಮಗೂ ತಲೆನೋವು.